ಮೆಡಿಕೇರ್ ಪಾರ್ಟ್ ಬಿ: ಮೂರೂವರೆ ವರ್ಷದ ಬಳಕೆ, ಜೀವಮಾನದ ದಂಡ

ಡಿಸೆಂಬರ್ ಬಂತೆಂದರೆ ನ್ಯೂಜೆರ್ಸಿಯ ನಮ್ಮ ಮನೆಗೆ ಸೋಶಿಯಲ್ ಸೆಕ್ಯೂರಿಟಿಯಿಂದ, ಅಂದರೆ ಅಮೆರಿಕ ಸರ್ಕಾರದ ಪಿಂಚಣಿ ಇಲಾಖೆಯಿಂದ, ಎರಡು ಕಾಗದ ಬರುತ್ತವೆ. ಒಂದು ನನಗೆ, ಒಂದು ನನ್ನ ಹೆಂಡತಿಗೆ. ಬೆಳಗಿನ ಕಾಫಿ ಇಳಿಸಿ, ಲೋಟ ಕೈಯಲ್ಲಿ ಹಿಡಿದು, ಇಬ್ಬರೂ ಒಟ್ಟಿಗೆ ಲಕೋಟೆ ಒಡೆಯುವುದು ಈಗ ಒಂದು ಶಾಸ್ತ್ರವೇ ಆಗಿಬಿಟ್ಟಿದೆ. ಈ ಸಲ ಅವಳ ಕಾಗದದಲ್ಲಿ, 65 ದಾಟಿದವರಿಗೆ ಸರ್ಕಾರ ಕೊಡುವ ಆರೋಗ್ಯ ವಿಮೆಯಾದ ಮೆಡಿಕೇರ್‌ನ ಪಾರ್ಟ್ ಬಿಗೆ 2026ರ ಕಂತು ತಿಂಗಳಿಗೆ 202.90 ಡಾಲರ್. ನನ್ನದರಲ್ಲಿ 243.50. ಕಾರ್ಡು ಒಂದೇ, ಡಾಕ್ಟರು ಒಬ್ಬರೇ, ಸಿಗುವ ಸೌಲಭ್ಯದಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ. "ಸಿನಿಮಾ ಒಂದೇ, ಕೂತಿರೋ ಸಾಲೂ ಒಂದೇ, ನಿಮ್ಗೆ ಮಾತ್ರ ಬ್ಲಾಕ್ ಟಿಕೆಟ್ಟು" ಅಂತ ಅವಳು ಪ್ರತಿವರ್ಷ ಹೇಳುತ್ತಾಳೆ. ಪ್ರತಿವರ್ಷ ನನಗೆ ಉರಿಯುತ್ತದೆ.

ಪಾರ್ಟ್ ಎ ಆಸ್ಪತ್ರೆಗೆ, ಪಾರ್ಟ್ ಬಿ ಡಾಕ್ಟರ ಫೀಸಿಗೆ ಎಂಬುದೆಲ್ಲ ಇದನ್ನು ಓದುವವರಿಗೆ ಗೊತ್ತೇ ಇರುತ್ತದೆ. ನೇರವಾಗಿ, ಪಾರ್ಟ್ ಬಿಗೆ ತಡವಾಗಿ ಸೇರಿದವರಿಗೆ ಹಾಕುವ ದಂಡದ ವಿಷಯಕ್ಕೆ ಬರುತ್ತೇನೆ.

ನನಗೆ 65 ತುಂಬಿದ್ದು 2018ರ ಜುಲೈನಲ್ಲಿ. ಆಗ ಕೆಲಸದಲ್ಲಿದ್ದೆ, ಕಂಪನಿಯ ವಿಮೆ ಇತ್ತು. ಅಂಥವರು ಪಾರ್ಟ್ ಬಿ ಮುಂದಕ್ಕೆ ಹಾಕಿದರೆ ತಪ್ಪೇನಿಲ್ಲ. 2019ರ ಡಿಸೆಂಬರ್ ಕೊನೆಗೆ ಲೇಆಫ್ ಆಯಿತು. ಕೊನೆಯ ದಿನ ಎಚ್‌ಆರ್‌ನವರು ಒಂದು ಫೋಲ್ಡರ್ ಕೈಗಿಟ್ಟು, "ಕೋಬ್ರಾ ತಗೊಳ್ಳಿ, ಇನ್ನು ಹದಿನೆಂಟು ತಿಂಗಳು ನಿಮ್ಮ ವಿಮೆ ಹಾಗೇ ಇರತ್ತೆ, ಏನೂ ಮಾಡಬೇಕಾಗಿಲ್ಲ" ಎಂದರು. ಕೋಬ್ರಾ ಎಂದರೆ ಕೆಲಸ ಹೋದಮೇಲೂ ಕಂಪನಿಯ ವಿಮೆಯನ್ನು ನಾವೇ ದುಡ್ಡು ಕಟ್ಟಿ ಮುಂದುವರಿಸುವ ವ್ಯವಸ್ಥೆ. ಹೆಸರಲ್ಲೇ ಹೆಡೆ ಎತ್ತಿ ನಿಂತಿತ್ತು, ನನಗೆ ಕಾಣಲಿಲ್ಲ. ಅದೇ ಕಾರ್ಡು, ಅದೇ ನಂಬರು. ಮುಂಚೆ ಕಂಪನಿ ಕಟ್ಟುತ್ತಿದ್ದ ಪಾಲನ್ನೂ ಸೇರಿಸಿ ಇಡೀ ದುಡ್ಡು ನಾನೇ ಕಟ್ಟಿದೆ. ವಿಮೆ ಇದೆ ಎಂದಮೇಲೆ ಇನ್ನೊಂದು ವಿಮೆ ಏಕೆ?

ಕಾನೂನಿನ ಕಣ್ಣಿಗೆ ಅದು ವಿಮೆಯೇ ಅಲ್ಲ. ಅಂದರೆ ದಂಡದ ಲೆಕ್ಕಕ್ಕೆ ಬರುವ ವಿಮೆ ಅಲ್ಲ. ಲೆಕ್ಕಕ್ಕೆ ಬರುವುದು "ಈಗ ಮಾಡುತ್ತಿರುವ ಕೆಲಸದಿಂದ" ಸಿಗುವ ವಿಮೆ ಮಾತ್ರ, ಅದು ನಮ್ಮ ಕೆಲಸವಾಗಲಿ, ಗಂಡ ಅಥವಾ ಹೆಂಡತಿಯದಾಗಲಿ. ಕೋಬ್ರಾ ಬರುವುದಿಲ್ಲ, ನಿವೃತ್ತರಿಗೆಂದು ಕಂಪನಿ ಕೊಡುವ ವಿಮೆಯೂ ಬರುವುದಿಲ್ಲ. ಕೆಲಸ ಹೋದಮೇಲೆ, ದಂಡವಿಲ್ಲದೆ ಪಾರ್ಟ್ ಬಿಗೆ ಸೇರಲು ಎಂಟು ತಿಂಗಳ ಗಡುವು ಶುರುವಾಗುತ್ತದೆ. ನನ್ನದು 2020ರ ಆಗಸ್ಟ್‌ಗೆ ಮುಗಿದಿತ್ತು. ಆಗ ನಾನು ಕೋವಿಡ್ ಭಯದಲ್ಲಿ ತರಕಾರಿ ತೊಳೆಯುತ್ತಾ ಕೂತಿದ್ದೆ.

ಇದರ ಮೇಲೆ ನನ್ನ ಜಾಣತನ ಬೇರೆ. ಪಿಂಚಣಿ 70ಕ್ಕೆ ತೆಗೆದುಕೊಂಡರೆ ಕಾದ ವರ್ಷಕ್ಕೆ ಶೇ. 8 ಹೆಚ್ಚು ಸಿಗುತ್ತದೆಂದು ಸುಮ್ಮನಿದ್ದೆ. 65ಕ್ಕೆ ಮೊದಲೇ ಪಿಂಚಣಿ ಶುರುಮಾಡಿಕೊಂಡವರಿಗೆ ಮೆಡಿಕೇರ್ ಕಾರ್ಡು ತಾನಾಗಿ ಮನೆಗೆ ಬರುತ್ತದೆ. ನನ್ನಂಥವರು ತಾವೇ ಅರ್ಜಿ ಹಾಕಬೇಕು. ಯಾರೂ ಬಂದು ಬಾಗಿಲು ತಟ್ಟುವುದಿಲ್ಲ.

2021ರ ಜೂನ್‌ಗೆ ಕೋಬ್ರಾ ಮುಗಿಯಿತು. ಹೆಂಡತಿ ನನಗಿಂತ ನಾಲ್ಕು ವರ್ಷ ಚಿಕ್ಕವಳು, ಅವಳಿಗೆ ಮಾರ್ಕೆಟ್‌ಪ್ಲೇಸ್ ಎಂಬ ಸರ್ಕಾರಿ ವಿಮಾ ಮಾರುಕಟ್ಟೆಯಲ್ಲಿ ಪಾಲಿಸಿ ಸಿಕ್ಕಿತು. ನಾನು ಪಾರ್ಟ್ ಬಿಗೆ ಫೋನ್ ಹಚ್ಚಿದೆ. ಆ ಕಡೆಯ ಹೆಣ್ಣುಮಗಳು ತುಂಬ ಸಮಾಧಾನದಿಂದಲೇ ವಿವರಿಸಿದಳು: ಇನ್ನು ಜನವರಿಯಿಂದ ಮಾರ್ಚ್‌ವರೆಗಿನ ಸಾರ್ವತ್ರಿಕ ನೋಂದಣಿಯಲ್ಲಷ್ಟೇ ಅರ್ಜಿ, ವಿಮೆ ಶುರುವಾಗುವುದು ಜುಲೈ 1, 2022ಕ್ಕೆ. ಒಂದು ವರ್ಷ ಡಾಕ್ಟರ ಫೀಸೆಲ್ಲ ಕೈಯಿಂದಲೇ. ಆಮೇಲೆ ದಂಡದ ಲೆಕ್ಕ ಹೇಳಿದಳು. 2020ರ ಜನವರಿಯಿಂದ 2022ರ ಮಾರ್ಚ್‌ವರೆಗೆ 27 ತಿಂಗಳು. ಪೂರ್ತಿ ಹನ್ನೆರಡು ತಿಂಗಳು ಎರಡು ಸಲ ಆಯಿತು, ಸಲಕ್ಕೆ ಶೇ. 10ರಂತೆ ಶೇ. 20. ಎಷ್ಟು ದಿನ ಕಟ್ಟಬೇಕು ಎಂದು ಕೇಳಿದೆ. ಪಾರ್ಟ್ ಬಿ ಇರುವಷ್ಟು ದಿನ ಎಂದಳು. ನಾನು ಇರುವಷ್ಟು ದಿನ ಎಂದು ಅರ್ಥ.

ನಾನು ದಂಡ ಕಟ್ಟದ ಮನುಷ್ಯನೇನಲ್ಲ. ಊರಿನಲ್ಲಿ ಎಲ್‌ಐಸಿ ಕಂತು ತಪ್ಪಿದಾಗ ಬಡ್ಡಿ ಸೇರಿಸಿ ಕಟ್ಟಿ ಪಾಲಿಸಿಗೆ ಜೀವ ಕೊಟ್ಟಿದ್ದೇನೆ, ಮನೆ ಕಂದಾಯ ತಡವಾಗಿ ಕಟ್ಟಿದ್ದೇನೆ. ಕಟ್ಟಿದೆ, ರಸೀದಿ ತಗೊಂಡೆ, ಋಣ ಹರಿಯಿತು. ಇದು ಹರಿಯುವ ಋಣವಲ್ಲ. ಆರೋಗ್ಯವಾಗಿರುವಾಗ ದೂರವಿದ್ದು ಕಾಯಿಲೆ ಬಿದ್ದಾಗ ಓಡಿಬಂದರೆ ವಿಮೆ ನಡೆಯುವುದು ಹೇಗೆ ಎಂಬ ವಾದ ನನಗೂ ಅರ್ಥವಾಗುತ್ತದೆ. ನನ್ನ ತಕರಾರು ಬೇರೆ. ಈ ಶೇ. 20 ಹಾಕುವುದು ನಾನು ತಪ್ಪಿದ ವರ್ಷದ ಕಂತಿನ ಮೇಲಲ್ಲ, ಆಯಾ ವರ್ಷದ ಕಂತಿನ ಮೇಲೆ. 2022ರಲ್ಲಿ ಕಂತು 170.10 ಇತ್ತು, ದಂಡ 34 ಡಾಲರ್. 2025ರಲ್ಲಿ ಕಂತು 185, ದಂಡ 37. 2026ರಲ್ಲಿ 40.60. ತಪ್ಪು ಅಷ್ಟೇ ಇದೆ, ದಂಡ ಮಾತ್ರ ಬೆಳೆಯುತ್ತಿದೆ. ನನ್ನ ನೋಟ್‌ಬುಕ್ಕಿನಲ್ಲಿ ಇದಕ್ಕೇ ಒಂದು ಪುಟವಿದೆ. 2025ರ ಕೊನೆಗೆ ದಂಡದ ಬಾಬ್ತು ಒಟ್ಟು 1,462 ಡಾಲರ್ 80 ಸೆಂಟ್. ಔಷಧಿಯ ಪಾರ್ಟ್ ಡಿಗೂ ಆರು ತಿಂಗಳು ತಡಮಾಡಿದ್ದಕ್ಕೆ ತಿಂಗಳಿಗೆ ಎರಡು ಡಾಲರ್ ಚಿಲ್ಲರೆ ಹೋಗುತ್ತದೆ. ಅದನ್ನು ನೋಟ್‌ಬುಕ್ಕಿಗೆ ಏರಿಸುವ ಗೋಜಿಗೆ ಹೋಗಿಲ್ಲ.

ಇಷ್ಟೆಲ್ಲ ಬೈದಮೇಲೆ ಒಂದು ಮಾತು ಒಪ್ಪಿಕೊಳ್ಳಬೇಕು. ಆ ಖಾಲಿ ವರ್ಷದಲ್ಲಿ ನನ್ನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ರಾತ್ರಿ ಎದುರಿನ ಕಾರಿನ ದೀಪ ದೀಪಾವಳಿಯ ಹೂಕುಂಡದ ಹಾಗೆ ಸಿಡಿಯುತ್ತಿತ್ತು, ಕಾರು ಓಡಿಸುವುದು ನಿಂತಿತು. ಐಪ್ಯಾಡ್‌ನಲ್ಲಿ ಕನ್ನಡ ಪೇಪರನ್ನು ಎಷ್ಟು ಹಿಗ್ಗಿಸಿದರೂ ಒತ್ತಕ್ಷರ ಕಾಣುತ್ತಿರಲಿಲ್ಲ. 'ಕತೆ' ಯಾವುದು, 'ಕತ್ತೆ' ಯಾವುದು ಎಂದು ಊಹೆಯ ಮೇಲೆ ಓದುತ್ತಿದ್ದೆ. 2022ರ ಅಕ್ಟೋಬರ್‌ನಲ್ಲಿ, ಕೆಂಪು ಬಿಳಿ ನೀಲಿಯ ಕಾಗದದ ಕಾರ್ಡು ಹಿಡಿದುಕೊಂಡು ಕಣ್ಣಿನ ಡಾಕ್ಟರ ಹತ್ತಿರ ಹೋದೆ. ಯಾರ ಚೀಟಿಯೂ ಬೇಕಾಗಲಿಲ್ಲ, ನಮ್ಮ ನೆಟ್‌ವರ್ಕಿನವರಲ್ಲ ಎಂಬ ರಗಳೆಯೂ ಇಲ್ಲ. ವರ್ಷದ ಡಿಡಕ್ಟಿಬಲ್, ಅಂದರೆ ಮೊದಲು ನಾವೇ ಕಟ್ಟಬೇಕಾದ ಮೊತ್ತ, 233 ಡಾಲರ್, ಅದರ ಮೇಲಿನದಕ್ಕೆ ನನ್ನ ಪಾಲು ಶೇ. 20. ಮೂವತ್ತು ವರ್ಷ ಕಂಪನಿ ವಿಮೆಯವರ ಜೊತೆ ಫೋನ್‌ನಲ್ಲಿ ಜಗಳವಾಡಿದವನಿಗೆ ಇದು ಮದುವೆ ಮನೆಯ ಉಪಚಾರದಂತೆ ಕಂಡಿತು. ಸಾಮಾನ್ಯವಾಗಿ ಮೆಡಿಕೇರ್ ಕನ್ನಡಕಕ್ಕೆ ದುಡ್ಡು ಕೊಡುವುದಿಲ್ಲ, ಆದರೆ ಪೊರೆ ತೆಗೆದಮೇಲೆ ಒಂದು ಜೊತೆಗೆ ಕೊಡುತ್ತದೆ. ಅದನ್ನು ಹಾಕಿಕೊಂಡು ಮರುದಿನ ಪೇಪರಿನ ನಿಧನವಾರ್ತೆಗಳನ್ನೂ ಬಿಡದೆ ಓದಿದೆ.

ಹಾಗಾಗಿ ಸೇವೆಗೆ ನಾಲ್ಕು ಸ್ಟಾರ್. ಹಲ್ಲಿಗೂ ಕಿವಿಯ ಯಂತ್ರಕ್ಕೂ ಏನೂ ಇಲ್ಲದ್ದಕ್ಕೆ ಒಂದು ಕಳೆದೆ. ದಂಡಕ್ಕೆ ಸ್ಟಾರ್ ಕೊಡುವ ಪ್ರಶ್ನೆಯೇ ಇಲ್ಲ.

ಹೊಟ್ಟೆ ಉರಿಯುವುದು ಇದಕ್ಕೆ: 2023ರ ಜನವರಿ 1ರಿಂದ ನಿಯಮ ಬದಲಾಯಿತು. ಈಗ ಸಾರ್ವತ್ರಿಕ ನೋಂದಣಿಯಲ್ಲಿ ಅರ್ಜಿ ಹಾಕಿದವರಿಗೆ ಮುಂದಿನ ತಿಂಗಳ ಒಂದನೇ ತಾರೀಖಿಗೇ ವಿಮೆ ಶುರು, ಜುಲೈವರೆಗೆ ಕಾಯುವುದಿಲ್ಲ. ಕಂಪನಿಯವರು ತಪ್ಪು ಮಾಹಿತಿ ಕೊಟ್ಟಿದ್ದಕ್ಕೆ ಪುರಾವೆ ಇದ್ದರೆ ವಿಶೇಷ ಅವಕಾಶವೂ ಇದೆ, ದಂಡವೂ ಇಲ್ಲ. ಆದರೆ ಆ ತಪ್ಪು ಮಾಹಿತಿ 2023ರ ಜನವರಿ 1ರ ನಂತರದ್ದಾಗಿರಬೇಕು. ನನಗೆ ಹೇಳಿದ್ದು 2019ರಲ್ಲಿ, ಅದೂ ಬಾಯಿಮಾತಿನಲ್ಲಿ. ಹೊಸ ಮಾಡೆಲ್ ಬರುವ ಆರು ತಿಂಗಳು ಮುಂಚೆ ಹಳೇ ಸ್ಕೂಟರ್ ಕೊಂಡವನ ಪಾಡು.

ಕನ್ನಡ ಕೂಟದಲ್ಲಿ 64 ದಾಟಿದವರು ಯಾರೇ ಸಿಕ್ಕರೂ ನಾನು ಹಿಡಿದು ನಿಲ್ಲಿಸುತ್ತೇನೆ. ಊಟದ ಸಾಲಿನಲ್ಲಿ ನನ್ನನ್ನು ಕಂಡು ಪಕ್ಕಕ್ಕೆ ಸರಿಯುವವರೂ ಇದ್ದಾರೆ. 65 ತುಂಬುವ ತಿಂಗಳು, ಅದರ ಹಿಂದೆ ಮೂರು, ಮುಂದೆ ಮೂರು, ಪಾರ್ಟ್ ಬಿಗೆ ಸೇರಲು ಸಿಗುವ ಈ ಏಳು ತಿಂಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಕೆಲಸ ಬಿಡುವಾಗ, ಅಲ್ಲಿಯವರೆಗೆ ಕೆಲಸದ ವಿಮೆ ಇತ್ತೆಂದು ತೋರಿಸುವ ಸಿಎಂಎಸ್-ಎಲ್564 ಫಾರಂಗೆ ಕಂಪನಿಯ ಸಹಿ ಹಾಕಿಸಿಕೊಂಡೇ ಹೊರಡಿ. ಅನುಮಾನವಿದ್ದರೆ ಎಚ್‌ಆರ್ ಬೇಡ, ಪ್ರತಿ ರಾಜ್ಯದಲ್ಲೂ ಶಿಪ್ ಎಂಬ ಸಲಹಾ ಸೇವೆ ಇದೆ, ಪುಕ್ಕಟೆ. ಆ ಹೆಸರು ನನ್ನ ಕಿವಿಗೆ ಬಿದ್ದದ್ದು 2022ರಲ್ಲಿ. ಹೆಂಡತಿಯ ಅರ್ಜಿಯನ್ನು ಅವರಿಂದಲೇ ಸರಿಮಾಡಿಸಿ, ಹುಟ್ಟುಹಬ್ಬಕ್ಕೆ ಮೂರು ತಿಂಗಳು ಮೊದಲೇ ಹಾಕಿಸಿದೆ. ಅದಕ್ಕೇ ಅವಳದು 202.90.

ಈಗ ಅವಳಿಗೆ ಮೈಸೂರಿಗೆ ಹೋಗಿ ಎರಡು ವರ್ಷ ಇದ್ದುಬರುವ ಆಸೆ. ಮೆಡಿಕೇರ್ ಭಾರತದಲ್ಲಿ ನಡೆಯುವುದಿಲ್ಲ. ಸುಮ್ಮನೆ ಕಂತೇಕೆ, ಬಿಟ್ಟುಹೋಗೋಣ ಎಂದಳು. ನೋಟ್‌ಬುಕ್ ತೆಗೆದು ತೋರಿಸಿದೆ: ಎರಡು ವರ್ಷ ಬಿಟ್ಟು ವಾಪಸ್ ಬಂದರೆ ಅವಳಿಗೆ ಹೊಸದಾಗಿ ಶೇ. 20, ನನಗೆ ಇರುವ 20ರ ಮೇಲೆ ಇನ್ನೊಂದು 20. ಮೈಸೂರಿನ ಮನೆಯ ಜಗಲಿಯಲ್ಲಿ ಕೂತು, ಪಕ್ಕದ ಬೀದಿಯ ಡಾಕ್ಟರಿಗೆ ರೂಪಾಯಿಯಲ್ಲಿ ಫೀಸು ಕೊಟ್ಟು, ನ್ಯೂಜೆರ್ಸಿಯ ಡಾಕ್ಟರಿಗೆಂದು ತಿಂಗಳಿಗೆ 446 ಡಾಲರ್ 40 ಸೆಂಟ್ ಕಟ್ಟುವುದೆಂದು ತೀರ್ಮಾನವಾಗಿದೆ. ಟಿಕೆಟ್ ಇನ್ನೂ ಮಾಡಿಸಿಲ್ಲ.