ಹತ್ತು ಹಂಗಾಮಿನ ಲೆಕ್ಕ: ಜಿಂಕೆ ಬೇಟೆಗೆ ಬಾರ್ನ್ಸ್ 150 ಗ್ರೇನ್ ತಾಮ್ರದ ಗುಂಡು

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಪ್ರತಿ ನವೆಂಬರಿನಲ್ಲಿ ಒಂಬತ್ತು ದಿನ ನಡೆಯುವ ಕೋವಿ ಹಂಗಾಮಿಗೆ ನಾನು ಹತ್ತು ವರ್ಷಗಳಿಂದ ಹೋಗುತ್ತಿದ್ದೇನೆ. ಮೊದಲ ನಾಲ್ಕು ಹಂಗಾಮುಗಳಲ್ಲಿ ಸೀಸದ ಗುಂಡುಗಳನ್ನು ಬಳಸಿದೆ. ಅನಂತರದ ಆರರಲ್ಲಿ 308 ವಿಂಚೆಸ್ಟರ್ ರೈಫಲ್ಲಿಗೆ ಬಾರ್ನ್ಸ್ ಕಂಪನಿಯ 150 ಗ್ರೇನ್ (ಸುಮಾರು 9.7 ಗ್ರಾಂ) ತೂಕದ, ತಾಮ್ರದ ಟಿಟಿಎಸ್‌ಎಕ್ಸ್ ಗುಂಡು ತುಂಬಿದ ಕಾರ್ಖಾನೆಯ ತೋಟೆಗಳನ್ನೇ ಬಳಸುತ್ತ ಬಂದಿದ್ದೇನೆ. ಒಂಬತ್ತು ಜಿಂಕೆಗಳನ್ನು ಇದರಿಂದ ಹೊಡೆದ ಮೇಲೆ ಬರೆಯುತ್ತಿರುವ ವಿಮರ್ಶೆ ಇದು.

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಅಜ್ಜನ ಕಾಲದ ಕೇಪಿನ ಕೋವಿಯೊಂದು ಗೋಡೆಗೆ ತೂಗುತ್ತಿತ್ತಾದರೂ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಹುಟ್ಟಿದ ನಾನು ಅದರ ಸದ್ದನ್ನು ಕೇಳಿದವನಲ್ಲ. ಮರಸು ಕೂರುವ, ಅಂದರೆ ಪ್ರಾಣಿ ಬರುವ ಕಡೆ ಅಡಗಿ ಕಾಯುವ, ಕಥೆಗಳನ್ನು ಮಾತ್ರ ಕೇಳಿ ಬೆಳೆದವನು, ಕಲಿತದ್ದೆಲ್ಲ ಇಲ್ಲಿ ಅಮೆರಿಕದಲ್ಲಿಯೇ. 1973ರ ಜನವರಿ 1 ಅಥವಾ ಅನಂತರ ಹುಟ್ಟಿದವರು ವಿಸ್ಕಾನ್ಸಿನ್ನಿನಲ್ಲಿ ಬೇಟೆಯ ಪರವಾನಗಿ ಪಡೆಯಬೇಕಾದರೆ ಸಾಮಾನ್ಯವಾಗಿ ಬೇಟೆ ಶಿಕ್ಷಣದ ಪ್ರಮಾಣಪತ್ರ ತೋರಿಸಬೇಕು. ಆ ತರಗತಿಯಲ್ಲಿ ಶಿಕ್ಷಕರು ಜಿಂಕೆಯ ಚಿತ್ರದ ಮೇಲೆ ಸಣ್ಣ ಊಟದ ತಟ್ಟೆಯೊಂದನ್ನು ಇಟ್ಟು, ಹೃದಯ ಮತ್ತು ಶ್ವಾಸಕೋಶವಿರುವ ಇಷ್ಟು ಜಾಗಕ್ಕೆ ಗುಂಡು ತಲುಪುವುದಷ್ಟೇ ಸಾಲದು, ಅಲ್ಲಿ ಅರಳಿ ಆಚೆ ಬದಿಯಿಂದ ಹೊರಗೆ ಬರಬೇಕು ಎಂದಿದ್ದರು. ಆ ಮಾತಿನ ಎರಡನೆಯ ಅರ್ಧ ನನಗೆ ಅರ್ಥವಾದದ್ದು ಮೂರನೆಯ ಹಂಗಾಮಿನಲ್ಲಿ.

ಆಗ ನಾನು ಬಳಸುತ್ತಿದ್ದ ಗುಂಡು ಗುರಿಹಲಗೆಯ ಮೇಲೆ ಬಹಳ ಸೊಗಸಾದದ್ದು; 100 ಗಜದಲ್ಲಿ ಮೂರು ತೂತುಗಳು ಮುಕ್ಕಾಲು ಅಂಗುಲದೊಳಗೆ ಬೀಳುತ್ತಿದ್ದವು, ಅದನ್ನು ನೋಡಿಯೇ ಕೊಂಡಿದ್ದೆ. ಅಟ್ಟಣೆಯಿಂದ ಸುಮಾರು 35 ಗಜದಲ್ಲಿ ಗಂಡು ಜಿಂಕೆಯೊಂದು ಅರೆ ಎದುರುಮುಖವಾಗಿ ನಿಂತಾಗ, ಹೆಗಲಿಗೆ ಗುರಿಯಿಟ್ಟು ಹೊಡೆದೆ. ಗುಂಡು ಹೆಗಲ ಮೂಳೆಗೆ ಬಡಿದ ಕೂಡಲೇ ಸಿಡಿದು ಚೂರುಚೂರಾಯಿತು. ಹೊರತೂತು ಇಲ್ಲ, ತರಗೆಲೆಯ ಮೇಲೆ ರಕ್ತದ ಹನಿಯೂ ಇಲ್ಲ, ಆ ವರ್ಷ ಹಿಮವೂ ಬಿದ್ದಿರಲಿಲ್ಲ. ಐದು ಗಂಟೆ ಹುಡುಕಿದ ಮೇಲೆ ಜೌಗಿನ ಅಂಚಿನ ಹುಲ್ಲಿನಲ್ಲಿ ಮಲಗಿದ್ದ ಅದು ನನ್ನನ್ನು ಕಂಡು ತಲೆಯೆತ್ತಿತು. ಎರಡನೆಯ ಈಡು ಹಾಕಿ ಮುಗಿಸಿದೆ. ಆ ಕಂಪನಿಯ ಹೆಸರನ್ನು ನಾನು ಹೇಳುವುದಿಲ್ಲ, ಏಕೆಂದರೆ ಅರ್ಧ ತಪ್ಪು ನನ್ನದೇ; ದೂರದಲ್ಲಿ ವೇಗ ತಗ್ಗಿದ ಮೇಲೂ ಅರಳಲಿ ಎಂದು ಮೆದುವಾಗಿ ಮಾಡಿದ ಗುಂಡನ್ನು ನಾನು ತೀರ ಹತ್ತಿರದಿಂದ ಪೂರ್ಣ ವೇಗದಲ್ಲಿ ಮೂಳೆಗೆ ಹೊಡೆದಿದ್ದೆ.

ಗುಂಡಿನ ಆಯ್ಕೆಯೆಂದರೆ ಮುಖ್ಯವಾಗಿ ಈ ವೇಗದ ಲೆಕ್ಕವೇ. ತೀರ ಗಟ್ಟಿಯಾದ ಗುಂಡು ದೂರದಲ್ಲಿ ಅರಳದೆ ಸೂಜಿಯಂತೆ ಹಾಯ್ದುಹೋಗುತ್ತದೆ. ತೀರ ಮೆದುವಾದದ್ದು ಹತ್ತಿರದಲ್ಲಿ ಚರ್ಮದ ಕೆಳಗೇ ಒಡೆದುಹೋಗುತ್ತದೆ. ತಾಮ್ರದ ತೆಳು ಕವಚದೊಳಗೆ ಸೀಸ ತುಂಬಿದ ಸಾಮಾನ್ಯ ಗುಂಡುಗಳು ಮಧ್ಯಮ ದೂರದಲ್ಲಿ, ಪಕ್ಕೆಗೆ ಹೊಡೆದಾಗ ಇಂದಿಗೂ ಚೆನ್ನಾಗಿಯೇ ಕೆಲಸ ಮಾಡುತ್ತವೆ. 1939ರಿಂದ ಮಾರಾಟದಲ್ಲಿರುವ ರೆಮಿಂಗ್ಟನ್ ಕೋರ್-ಲಾಕ್ಟ್ ಇಂಥದೇ. ಕವಚ ಮತ್ತು ಸೀಸ ಬೇರೆಯಾಗದಂತೆ ಬೆಸೆದ ಗುಂಡುಗಳು ಒಂದು ಮೆಟ್ಟಿಲು ಮೇಲಿನವು. ಇದೇ ಸಮಸ್ಯೆಗೆ ಬಹಳ ಹಿಂದೆಯೇ ಉತ್ತರ ಹುಡುಕಿದವರು ಅಮೆರಿಕದ ಗುಂಡು ತಯಾರಕ ಜಾನ್ ನಾಸ್ಲರ್. 1946ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಮೂಸ್ ಎಂಬ ಭಾರಿ ಗಾತ್ರದ ಜಿಂಕೆಯೊಂದಕ್ಕೆ ಹೊಡೆದ ಗುಂಡುಗಳು ಒಳಗೆ ಇಳಿಯದೆ ಹೋದದ್ದರಿಂದ, ನಡುವೆ ತಾಮ್ರದ ಅಡ್ಡಗೋಡೆಯಿರುವ ಪಾರ್ಟಿಷನ್ ಗುಂಡನ್ನು ಅವರು ರೂಪಿಸಿದರು. ಮುಂದಿನ ಸೀಸ ಅರಳಿ ಸವೆದರೂ ಗೋಡೆಯ ಹಿಂದಿನ ಭಾಗ ಇಡಿಯಾಗಿ ಮುಂದೆ ಸಾಗುತ್ತದೆ. ನಾಲ್ಕನೆಯ ಹಂಗಾಮಿನಲ್ಲಿ ನಾನು ಅದನ್ನೇ ಬಳಸಿದೆ, ಯಾವ ದೂರೂ ಇರಲಿಲ್ಲ. ಅದನ್ನು ಬಿಟ್ಟದ್ದು ಮನೆಯ ಊಟದ ಕಾರಣಕ್ಕೆ.

2008ರಲ್ಲಿ ನಾರ್ತ್ ಡಕೋಟಾದಲ್ಲಿ ಬಡವರಿಗೆಂದು ದಾನವಾಗಿ ಬಂದ ಕೊಚ್ಚಿದ ಜಿಂಕೆ ಮಾಂಸದಲ್ಲಿ ವಿಷಕಾರಿಯಾದ ಸೀಸದ ಚೂರುಗಳು ಕಂಡುಬಂದು, ಅದನ್ನು ಹಂಚದಂತೆ ಅಲ್ಲಿನ ಅಧಿಕಾರಿಗಳು ಸೂಚಿಸಿದ್ದರು. ಕಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳು ಗಾಯದಿಂದ ದೂರದ ಮಾಂಸಕ್ಕೂ ಸೇರುತ್ತವೆ. ಮಗಳು ಹುಟ್ಟಿದ ವರ್ಷ ನನ್ನ ಹೆಂಡತಿ ಫ್ರೀಜರಿನಲ್ಲಿದ್ದ ಖೀಮಾದ ಪೊಟ್ಟಣವನ್ನು ಮೇಜಿನ ಮೇಲಿಟ್ಟು, "ಇದನ್ನು ನಾನು ತಿನ್ನಬಹುದೇ, ನೀವೇ ಹೇಳಿ" ಎಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಕಾಡಿನಲ್ಲಿ ಬಿಟ್ಟುಬಂದ ಕರುಳನ್ನು ತಿನ್ನುವ ಹದ್ದುಗಳ ಪಾಡೂ ಇದೇ. ಕ್ಯಾಲಿಫೋರ್ನಿಯಾ ರಾಜ್ಯವು ಕಾಂಡೋರ್ ಹದ್ದುಗಳ ಸಾವನ್ನು ಕಂಡು ಮೊದಲು ಅವುಗಳಿರುವ ಪ್ರದೇಶದಲ್ಲಿ, 2019ರ ಜುಲೈ 1ರಿಂದ ಇಡೀ ರಾಜ್ಯದಲ್ಲಿ ಬೇಟೆಗೆ ಸೀಸವನ್ನು ನಿಷೇಧಿಸಿದೆ. ವಿಸ್ಕಾನ್ಸಿನ್ನಿನಲ್ಲಿ ಜಿಂಕೆ ಬೇಟೆಗೆ ಅಂಥ ಕಟ್ಟುಪಾಡಿಲ್ಲ.

ಟಿಟಿಎಸ್‌ಎಕ್ಸ್ ಪೂರ್ತಿ ತಾಮ್ರದ ಗುಂಡು. ಮೂತಿಯಲ್ಲಿ ಟೊಳ್ಳು, ಟೊಳ್ಳಿನ ಬಾಯಿಗೆ ನೀಲಿ ಪ್ಲಾಸ್ಟಿಕ್ಕಿನ ಮೊನೆ. ಗುಂಡು ಬಡಿದಾಗ ಮೊನೆ ಒಳಕ್ಕೆ ನುಗ್ಗಿ ಮೂತಿಯು ನಾಲ್ಕು ಎಸಳಾಗಿ ಹಿಂದಕ್ಕೆ ಮಡಚಿಕೊಳ್ಳುತ್ತದೆ. ನಾನು ಹೊಡೆದ ಒಂಬತ್ತರಲ್ಲಿ ಎಂಟು ಗುಂಡುಗಳು ಆಚೆ ಬದಿಗೆ ಹಾಯ್ದುಹೋದವು. ಎದೆಗೆ ನೇರವಾಗಿ ಹೊಡೆದ ಒಂದು ಮಾತ್ರ ಹಿಂದೊಡೆಯ ಚರ್ಮದಡಿ ಸಿಕ್ಕಿತು. ತೊಳೆದು ತೂಗಿದರೆ 148 ಗ್ರೇನ್. ನಾಲ್ಕು ಎಸಳೂ ಇದ್ದವು, ಒಂದರ ಅಂಚಿನಲ್ಲಿ ಮೂಳೆಯ ಪುಡಿ ಅಂಟಿತ್ತು. ಹೊರತೂತು ದೊಡ್ಡದಲ್ಲದಿದ್ದರೂ ಎರಡೂ ಕಡೆಯಿಂದ ರಕ್ತ ಸುರಿಯುವುದರಿಂದ, ಜಿಂಕೆ ಐವತ್ತು ಅರವತ್ತು ಗಜ ಓಡಿದರೂ ಜಾಡು ಹಿಡಿಯುವುದು ಕಷ್ಟವಲ್ಲ. ಹೆಗಲಿನ ಮಾಂಸ ಹಾಳಾಗುವುದು ಕೂಡ ಕಡಿಮೆ.

ದೂರುಗಳೂ ಇವೆ. ಬೆಲೆ ಮೊದಲನೆಯದು: ನಮ್ಮ ಊರಿನ ಅಂಗಡಿಯಲ್ಲಿ ಇಪ್ಪತ್ತು ತೋಟೆಯ ಪೆಟ್ಟಿಗೆಗೆ ನಾನು ಸಾಮಾನ್ಯ ಸೀಸದ ತೋಟೆಯ ಹೆಚ್ಚುಕಡಿಮೆ ಎರಡರಷ್ಟು ಕೊಡುತ್ತೇನೆ. ಹಂಗಾಮಿಗೆ ನಾಲ್ಕೈದು ತೋಟೆ ಸಾಕಾಗುವುದರಿಂದ ಇದು ಬೇಟೆಗೆ ಹೊರೆಯಲ್ಲ, ಅಭ್ಯಾಸಕ್ಕೆ ಹೊರೆ. ಅಗ್ಗದ ತೋಟೆಯಲ್ಲಿ ಅಭ್ಯಾಸ ಮಾಡಿದರೆ, ಹಂಗಾಮಿಗೆ ಮುಂಚೆ ತಾಮ್ರದ ಗುಂಡಿನಿಂದಲೇ ಸ್ಕೋಪನ್ನು ಮತ್ತೆ ಝೀರೋ ಮಾಡಬೇಕು, ಅಂದರೆ ಗುರಿಯಿಟ್ಟಲ್ಲೇ ಗುಂಡು ಬೀಳುವಂತೆ ಹೊಂದಿಸಬೇಕು. ನನ್ನ ರೈಫಲ್ಲಿನಲ್ಲಿ ಎರಡರ ನಡುವೆ 100 ಗಜದಲ್ಲಿಯೇ ಎರಡು ಅಂಗುಲದ ವ್ಯತ್ಯಾಸವಿದೆ. ಗುರಿಹಲಗೆಯಲ್ಲಿ ಮೂರು ತೂತುಗಳು ಒಂದೂಕಾಲು ಅಂಗುಲಕ್ಕಿಂತ ಹತ್ತಿರ ಬಂದದ್ದು ಅಪರೂಪ. ಊಟದ ತಟ್ಟೆಯ ಅಳತೆಗೆ ಅದು ಧಾರಾಳ.

ಹೆಚ್ಚು ಎಚ್ಚರ ಬೇಕಾದದ್ದು ದೂರದ ವಿಷಯದಲ್ಲಿ. ತಾಮ್ರ ಅರಳಲು ಸೀಸಕ್ಕಿಂತ ಹೆಚ್ಚಿನ ವೇಗ ಬೇಕು. ಸೆಕೆಂಡಿಗೆ ಸುಮಾರು 2000 ಅಡಿಗಿಂತ ಕೆಳಗಿಳಿದರೆ ನಾನು ಅದನ್ನು ನಂಬುವುದಿಲ್ಲ. ನಳಿಗೆಯಿಂದ ಸುಮಾರು 2800 ಅಡಿ ವೇಗದಲ್ಲಿ ಹೊರಡುವ ಈ ಗುಂಡು 200 ಗಜದಲ್ಲಿ 2400ರ ಆಸುಪಾಸಿನಲ್ಲಿರುತ್ತದೆ, ನಾನು ಹೊಡೆಯುವ ಗಡಿಯೂ ಅಷ್ಟೇ. ಬಯಲಿನಲ್ಲಿ 400 ಗಜಕ್ಕೆ ಹೊಡೆಯುವವರು ಇದನ್ನು ಕೊಳ್ಳಬಾರದು, ಅವರಿಗೆ ಬೆಸೆದ ಗುಂಡು ಮೇಲು. ತಾಮ್ರ ಸೀಸಕ್ಕಿಂತ ಹಗುರವಾದ ಲೋಹವಾದ್ದರಿಂದ ಅದೇ ತೂಕದ ಗುಂಡು ಉದ್ದವಾಗುತ್ತದೆ. 180 ಗ್ರೇನಿನಂಥ ಭಾರದ ಗುಂಡಿಗೆ ಹೋಗುವ ಬದಲು ಒಂದು ಮೆಟ್ಟಿಲು ಹಗುರವಾದದ್ದನ್ನು ವೇಗವಾಗಿ ಹೊಡೆಯುವುದು ಜಿಂಕೆಗೆ ಸಾಕು.

ಕಳೆದ ಹಂಗಾಮಿನ ಪೆಟ್ಟಿಗೆಯಲ್ಲಿ ಇನ್ನೂ ಹನ್ನೊಂದು ತೋಟೆ ಉಳಿದಿವೆ. ಅದೇ ಲಾಟ್ ಸಂಖ್ಯೆಯ, ಅಂದರೆ ಕಾರ್ಖಾನೆಯಲ್ಲಿ ಒಂದೇ ಕಂತಿನಲ್ಲಿ ತಯಾರಾದ, ಇನ್ನೆರಡು ಪೆಟ್ಟಿಗೆಗಳನ್ನು ಅಂಗಡಿಯವರಿಗೆ ಹೇಳಿ ತೆಗೆದಿರಿಸಿದ್ದೇನೆ.