ಅಂಟುವಾಳ: ಬಾಟಲಿ ಬಿಡಿ, ಒಣ ಸಿಪ್ಪೆ ಕೊಳ್ಳಿ

ಪಾತ್ರೆ ತೊಳೆಯಲು, ಬಟ್ಟೆ ಒಗೆಯಲು ಅಂಟುವಾಳ ಈಗ ಮೂರು ರೂಪದಲ್ಲಿ ಮಾರಾಟವಾಗುತ್ತಿದೆ: ಬೀಜ ತೆಗೆದ ಒಣ ಸಿಪ್ಪೆ, ನುಣ್ಣಗಿನ ಪುಡಿ, ಬಾಟಲಿಯ ದ್ರವ. ಶಿರಸಿ, ಕುಮಟಾ, ಕಾರವಾರದ ಮನೆಗಳ ಮಟ್ಟಿಗೆ ನಮ್ಮ ತೀರ್ಪು ಇಷ್ಟು: ಸಿಪ್ಪೆ ಮೊದಲು, ದ್ರವ ಆಮೇಲೆ, ಪುಡಿ ಬೇಡವೇ ಬೇಡ. ಮೂರರ ಮೇಲೂ ಸಾಮಾನ್ಯವಾಗಿ ಕಾಣುವ ‘ರಾಸಾಯನಿಕ ಮುಕ್ತ’ ಎಂಬ ಮಾತನ್ನು ನಂಬಬೇಡಿ. ಕೊಳೆ ಬಿಡಿಸುವುದು ಸಿಪ್ಪೆಯಲ್ಲಿರುವ ಸಪೋನಿನ್ ಎಂಬ ರಾಸಾಯನಿಕವೇ. ಅದು ಒಳ್ಳೆಯ ರಾಸಾಯನಿಕ, ಆದರೆ ಅದಕ್ಕೂ ಒಂದು ದೋಷವಿದೆ. ಅದನ್ನು ಮುಂದೆ ಹೇಳುತ್ತೇವೆ.

ಸಪೋನಿನ್ ಅಣುವಿನ ಒಂದು ತುದಿ ಎಣ್ಣೆಗೆ ಅಂಟುತ್ತದೆ, ಇನ್ನೊಂದು ತುದಿಯಲ್ಲಿರುವ ಸಕ್ಕರೆಯ ಸರಪಳಿ ನೀರಿಗೆ ಅಂಟುತ್ತದೆ. ಸಾಬೂನಿನ ಕೆಲಸವೂ ಹೀಗೆಯೇ. ವ್ಯತ್ಯಾಸವೆಂದರೆ ಸಾಬೂನು ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಜೊತೆ ಸೇರಿ ಬಿಳಿ ಗಸಿಯಾಗುತ್ತದೆ, ಅಂಟುವಾಳ ಹಾಗಾಗುವುದಿಲ್ಲ. ಶಿರಸಿಯ ಮೆದು ನೀರಿನಲ್ಲಿ ಈ ಗುಣ ಗಮನಕ್ಕೆ ಬಾರದು. ಬೇಸಿಗೆಯಲ್ಲಿ ಬಾವಿ ಉಪ್ಪಾಗುವ ಕರಾವಳಿಯಲ್ಲಿ ಇದರ ಬೆಲೆ ತಿಳಿಯುತ್ತದೆ. ಅಲ್ಲಿ ನೊರೆ ಸ್ವಲ್ಪ ಕಡಿಮೆಯಾದರೂ ಪಾತ್ರೆಯ ಮೇಲೆ ಗಸಿ ಕೂರುವುದಿಲ್ಲ. ಕೈ ತೊಳೆಯಲು ಸಾಬೂನೇ ಬೇಕೆನ್ನುವವರು ಉಪ್ಪು ನೀರಿನ ಊರಿನಲ್ಲಿ ತೆಂಗಿನೆಣ್ಣೆಯ ಸಾಬೂನು ಕೊಳ್ಳಲಿ. ಉಪ್ಪು ನೀರಿನಲ್ಲೂ ನೊರೆ ಕೊಡುವುದರಿಂದ ಹಡಗಿನವರು ಬಳಸುತ್ತಿದ್ದುದು ಅದನ್ನೇ.

ಒಣ ಸಿಪ್ಪೆಯಿಂದ ದ್ರವ ಮಾಡಿಕೊಳ್ಳುವ ಅಳತೆ ಹೀಗೆ. ಸಿಪ್ಪೆ 50 ಗ್ರಾಂ, ನೀರು ಒಂದು ಲೀಟರ್. ಒಳಗೆ ಕಪ್ಪು ಬೀಜ ಉಳಿದಿದ್ದರೆ ಮೊದಲು ತೆಗೆಯಿರಿ. ಅದರಿಂದ ನೊರೆ ಬರುವುದಿಲ್ಲ, ಮಿಕ್ಸಿಗೆ ಹೋದರೆ ಬ್ಲೇಡು ಹಾಳಾಗುತ್ತದೆ. ರಾತ್ರಿ ನೆನೆಹಾಕಿ, ಬೆಳಿಗ್ಗೆ ಸಣ್ಣ ಉರಿಯಲ್ಲಿ 20 ನಿಮಿಷ ಕುದಿಸಿ. ಪಾತ್ರೆಯ ಅರ್ಧಕ್ಕಿಂತ ಹೆಚ್ಚು ತುಂಬಬಾರದು, ನೊರೆ ಉಕ್ಕಿ ಒಲೆಯೆಲ್ಲ ಅಂಟಾಗುತ್ತದೆ. ಆರಿದ ಮೇಲೆ ಕೈಯಿಂದ ಚೆನ್ನಾಗಿ ಹಿಸುಕಿ, ತೆಳು ಬಟ್ಟೆಯಲ್ಲಿ ಸೋಸಿ. ಮುಕ್ಕಾಲು ಲೀಟರಿನಷ್ಟು ಕಂದು ದ್ರವ ಸಿಗುತ್ತದೆ. ಚರಟಕ್ಕೆ ಇನ್ನರ್ಧ ಲೀಟರ್ ನೀರು ಹಾಕಿ ಮತ್ತೊಮ್ಮೆ ಕುದಿಸಿದರೆ ಎರಡನೆಯ ತೆಳು ದ್ರವ ಬರುತ್ತದೆ. ಅದು ಬಟ್ಟೆ ನೆನೆಸಲು ಸಾಕು. ಒಂದು ಹೊತ್ತಿನ ಊಟದ ಪಾತ್ರೆಗೆ ಮೊದಲ ದ್ರವ 40–50 ಮಿ.ಲೀ. ಬೇಕು. ಸ್ಪಂಜಿಗಿಂತ ತೆಂಗಿನ ನಾರಿನಲ್ಲಿ ಅದ್ದಿ ಉಜ್ಜಿದರೆ ಕೆಲಸ ಬೇಗ ಆಗುತ್ತದೆ. ತಣ್ಣೀರಿನಲ್ಲಿ ಗಟ್ಟಿಯಾದ ಜಿಡ್ಡನ್ನು ಅಂಟುವಾಳ ಒಂದೇ ಸಲಕ್ಕೆ ಬಿಡಿಸುವುದಿಲ್ಲ. ಕರಿದ ಬಾಣಲೆಯನ್ನು ಮೊದಲು ಒಣ ಬೂದಿಯಿಂದ ಒರೆಸಿ, ಬಿಸಿನೀರು ಹುಯ್ದು ಆಮೇಲೆ ಉಜ್ಜಿ. ಅಲ್ಯುಮಿನಿಯಂ ಪಾತ್ರೆಗೆ ಮಾತ್ರ ಬೂದಿ ಬೇಡ, ಅದರ ಕ್ಷಾರ ಲೋಹವನ್ನು ತಿನ್ನುತ್ತದೆ.

ಮೀನಿನ ಪಾತ್ರೆಗೆ ಅಂಟುವಾಳದಷ್ಟು ಹೊಂದುವ ವಸ್ತು ಬೇರೆ ಕಡಿಮೆ. ಬಂಗಡೆ, ತಾರ್ಲೆಯ ನಾತಕ್ಕೆ ದೊಡ್ಡ ಕಾರಣ ಟ್ರೈಮಿಥೈಲಮೀನ್ ಎಂಬ ಕ್ಷಾರ. ಸಾಬೂನು, ಒಗೆಯುವ ಸೋಡಾ ತಾವೇ ಕ್ಷಾರಗಳಾದ್ದರಿಂದ ಅದನ್ನು ಕಟ್ಟಿಹಾಕಲಾರವು. ಅಂಟುವಾಳದ ದ್ರವದ ಪಿಎಚ್ (ಹುಳಿ, ಕ್ಷಾರದ ಅಳತೆ; 7ಕ್ಕಿಂತ ಕೆಳಗಿದ್ದರೆ ಹುಳಿ) ಸುಮಾರು 4ರಿಂದ 5, ಅಂದರೆ ತುಸು ಹುಳಿ. ಆ ಹುಳಿಯಲ್ಲಿ ಟ್ರೈಮಿಥೈಲಮೀನ್ ಲವಣವಾಗಿ, ಆವಿಯಾಗದೆ ನೀರಿನೊಂದಿಗೆ ಹೋಗುತ್ತದೆ. ನಾತ ಇನ್ನೂ ಉಳಿದರೆ ಸಾರಿಗೆ ಬಳಸಿದ ಮುರುಗಲು ಸಿಪ್ಪೆಯನ್ನೇ ಪಾತ್ರೆಗೆ ತಿಕ್ಕಿ.

ಅಂಟುವಾಳ ಸೋಲುವ ಕಡೆಗಳೂ ಇವೆ. ಬಿಳಿ ಹತ್ತಿ ಬಟ್ಟೆಯನ್ನು ಬರೀ ಇದರಲ್ಲೇ ಒಗೆಯುತ್ತಾ ಹೋದರೆ ಬಣ್ಣ ಮಂಕಾಗುತ್ತದೆ. ಬಿಟ್ಟ ಕೊಳೆ ಮತ್ತೆ ಬಟ್ಟೆಗೆ ಕೂರದಂತೆ ತಡೆಯುವ ವಸ್ತು, ಬೆಳ್ಳಗೆ ತೋರಿಸುವ ಹೊಳಪುಕಾರಕ, ರಕ್ತ ಮತ್ತು ಹಾಲಿನ ಕಲೆ ಕರಗಿಸುವ ಕಿಣ್ವ, ಇವೆಲ್ಲ ಡಿಟರ್ಜಂಟ್ ಪುಡಿಯಲ್ಲಿರುತ್ತವೆ, ಅಂಟುವಾಳದಲ್ಲಿಲ್ಲ. ಅಡಿಕೆ ಚೊಗರಿನ ಕಲೆಯಂತೂ ಇದಕ್ಕೆ ಜಗ್ಗುವುದಿಲ್ಲ. ಚೊಗರೆಂದರೆ ಟ್ಯಾನಿನ್ ಎಂಬ ಒಗರು ವಸ್ತು. ಸೋಡಾ ತಾಗಿದರೆ ಇನ್ನೂ ಗಾಢವಾಗುತ್ತದೆ, ಕಬ್ಬಿಣದ ಬಕೆಟ್ಟಿನಲ್ಲಿ ನೆನೆಸಿದರೆ ಕಪ್ಪಾಗುತ್ತದೆ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಲೀಟರಿಗೆ 10 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಅರ್ಧ ಗಂಟೆ ನೆನೆಸಿ, ಜಾಲಿಸಿ. ಆಮೇಲೆ ಕೈಗೆ ಬಿಸಿ ತಾಗುವಷ್ಟು ಕಾಯಿಸಿದ 5 ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಸೋಡಿಯಂ ಪರ್ಕಾರ್ಬೊನೇಟ್ ಎಂಬ ಬ್ಲೀಚ್ ಪುಡಿ ಹಾಕಿ ಒಂದು ಗಂಟೆ ಬಿಡಿ. ಅದು ನೀರಿನಲ್ಲಿ ಸೋಡಾ ಮತ್ತು ಹೈಡ್ರೊಜನ್ ಪೆರಾಕ್ಸೈಡ್ ಆಗಿ ಒಡೆಯುತ್ತದೆ; ಸೋಡಾ ಇದ್ದರೂ ಕಲೆಯ ಬಣ್ಣವನ್ನು ಪೆರಾಕ್ಸೈಡ್ ತೆಗೆಯುತ್ತದೆ, ಕೊನೆಗೆ ಉಳಿಯುವುದು ಸೋಡಾ, ನೀರು, ಆಮ್ಲಜನಕ. ಕ್ಲೋರಿನ್ ಬ್ಲೀಚಿಗಿಂತ ಎಷ್ಟೋ ವಾಸಿ. ರೇಷ್ಮೆ, ಉಣ್ಣೆಗೆ ಮಾತ್ರ ಹಾಕಬೇಡಿ. ಅವೆರಡಕ್ಕೂ ಕ್ಷಾರವೇ ಶತ್ರು, ಹುಳಿ ಗುಣದ ಅಂಟುವಾಳವೇ ಸರಿ.

ವಾಷಿಂಗ್ ಮಷೀನಿಗೆ ಐದಾರು ಅರ್ಧ ಸಿಪ್ಪೆಗಳನ್ನು ಹತ್ತಿಯ ಚೀಲದಲ್ಲಿ ಕಟ್ಟಿ ಹಾಕಿ. ನೀರು 40 ಡಿಗ್ರಿ ಇರಲಿ, ತಣ್ಣೀರಿನಲ್ಲಿ ಸಪೋನಿನ್ ನಿಧಾನವಾಗಿ ಬಿಡುತ್ತದೆ. ಒದ್ದೆ ಚೀಲವನ್ನು ಬಿಳಿ ಬಟ್ಟೆಯ ಮೇಲೆ ಬಿಟ್ಟರೆ ಕಂದು ಕಲೆ ಖಚಿತ. ಅದೇ ಸಿಪ್ಪೆ ಮೂರು ನಾಲ್ಕು ಸಲ ಬರುತ್ತದೆ. ಬಾಟಲಿಯಲ್ಲಿ ಹಾಕಿ ಕುಲುಕಿದಾಗ ನೊರೆ ನಿಲ್ಲದಿದ್ದರೆ ತೆಂಗಿನ ಬುಡಕ್ಕೆ ಹಾಕಿ.

ಪುಡಿ ಯಾಕೆ ಬೇಡವೆಂದರೆ, ಅದು ಗಾಳಿಯ ತೇವವನ್ನು ಹೀರುತ್ತದೆ. ಶಿರಸಿಯ ಆಷಾಢದಲ್ಲಿ ಪೊಟ್ಟಣ ಒಡೆದ ಕೆಲವೇ ದಿನಕ್ಕೆ ಗಟ್ಟಿ ಉಂಡೆಯಾಗಿ ಬೂಷ್ಟು ಹಿಡಿಯುತ್ತದೆ. ಸುರಿಯುವಾಗ ಏಳುವ ಧೂಳು ಮೂಗಿಗೆ, ಕಣ್ಣಿಗೆ ಉರಿ. ದ್ರವ ಕಣ್ಣಿಗೆ ಬಿದ್ದರೂ ಹಾಗೆಯೇ, ಮಕ್ಕಳ ಕೈಗೆ ಸಿಗದಂತೆ ಇಡಿ.

ಈಗ ಬಾಟಲಿಯ ದ್ರವ. ಮೊದಲನೆಯ ಮಾತು, ಅದರ ಬಹುಪಾಲು ನೀರು. ನೀರಿಗೆ ದುಡ್ಡು, ಪ್ಲಾಸ್ಟಿಕ್ಕಿಗೆ ದುಡ್ಡು, ಆ ಭಾರವನ್ನು ಘಟ್ಟ ಹತ್ತಿಸಿ ಇಳಿಸಲು ಡೀಸೆಲ್. ಸಿಪ್ಪೆಯ ಲೆಕ್ಕ ಹಾಕಿ: 50 ಗ್ರಾಮಿಗೆ ಮುಕ್ಕಾಲು ಲೀಟರ್ ಎಂದರೆ ಒಂದು ಕಿಲೋ ಒಣ ಸಿಪ್ಪೆಯಿಂದ ಸುಮಾರು 15 ಲೀಟರ್. ಅಮೆರಿಕದ ರಸಾಯನವಿಜ್ಞಾನಿಗಳಾದ ಪಾಲ್ ಅನಾಸ್ಟಾಸ್ ಮತ್ತು ಜಾನ್ ವಾರ್ನರ್ 1998ರಲ್ಲಿ ಹಸಿರು ರಸಾಯನಶಾಸ್ತ್ರಕ್ಕೆ, ಅಂದರೆ ಪರಿಸರಕ್ಕೆ ಹಾನಿ ಕಡಿಮೆ ಮಾಡುವ ರಸಾಯನಶಾಸ್ತ್ರಕ್ಕೆ, 12 ಸೂತ್ರ ಹಾಕಿಕೊಟ್ಟರು. ಅದರಲ್ಲಿ ಮೊದಲನೆಯದು ಕಸವಾದ ಮೇಲೆ ಶುಚಿಮಾಡುವುದಕ್ಕಿಂತ ಕಸವೇ ಆಗದಂತೆ ನೋಡಿಕೊಳ್ಳುವುದು. ಕಾಗದದ ಪೊಟ್ಟಣದ ಸಿಪ್ಪೆ ಈ ಸೂತ್ರಕ್ಕೆ ಹೊಂದುತ್ತದೆ, ಬಾಟಲಿ ಹೊಂದುವುದಿಲ್ಲ.

ಎರಡನೆಯ ಮಾತು ಕೆಡುವುದರ ಬಗ್ಗೆ. ಮನೆಯಲ್ಲಿ ಮಾಡಿದ ದ್ರವ ಹೊರಗಿಟ್ಟರೆ ಎರಡು ಮೂರು ದಿನದಲ್ಲಿ ಹುಳಿತು ನಾರುತ್ತದೆ, ಏಕೆಂದರೆ ಅದರಲ್ಲಿ ಸಕ್ಕರೆ ಬೇಕಾದಷ್ಟಿದೆ. ಫ್ರಿಜ್‌ನಲ್ಲಿ ವಾರ ತಡೆಯುತ್ತದೆ, ಐಸ್ ಟ್ರೇಯಲ್ಲಿ ಗಟ್ಟಿ ಮಾಡಿಟ್ಟರೆ ತಿಂಗಳುಗಟ್ಟಲೆ. ಹಾಗಾದರೆ ಅಂಗಡಿಯಲ್ಲಿ ವರ್ಷ ನಿಲ್ಲುವ ಬಾಟಲಿಯಲ್ಲಿ ಸಂರಕ್ಷಕ ಇದ್ದೇ ಇರಬೇಕು. ಇರುವುದು ತಪ್ಪಲ್ಲ, ಹೇಳದಿರುವುದು ತಪ್ಪು. ಸೋಡಿಯಂ ಬೆಂಜೊಯೇಟ್ ಎಂಬ ಸಂರಕ್ಷಕ ಇದ್ದರೆ ಪಿಎಚ್ ಕೂಡ ನೋಡಬೇಕು. ಪಿಎಚ್ 4.2ರಲ್ಲಿ ಅದರ ಅರ್ಧದಷ್ಟು ಕೆಲಸ ಮಾಡುವ ಆಮ್ಲರೂಪದಲ್ಲಿರುತ್ತದೆ, 6ಕ್ಕೆ ಏರಿದರೆ ಶೇ. 2ರಷ್ಟೂ ಇರುವುದಿಲ್ಲ. ಮೀಥೈಲ್ ಐಸೊಥಯಾಜೊಲಿನೋನ್ ಎಂಬ ಸಂರಕ್ಷಕ ಇದ್ದರೆ ಚರ್ಮದ ಅಲರ್ಜಿ ಇರುವವರು ಬಿಡುವುದೇ ಒಳ್ಳೆಯದು.

ಮೂರನೆಯದು ಮಂದತನ. ಉಪ್ಪು ಹಾಕಿದರೆ ಮಂದವಾಗುವುದು ಎಸ್‌ಎಲ್‌ಇಎಸ್‌ನಂಥ ಕೃತಕ ಸರ್ಫ್ಯಾಕ್ಟಂಟ್, ಅಂದರೆ ಶಾಂಪೂ, ಡಿಟರ್ಜಂಟುಗಳ ನೊರೆಕಾರಕ. ಅಂಟುವಾಳದ ಕಷಾಯ ಎಷ್ಟು ಉಪ್ಪು ಹಾಕಿದರೂ ನೀರಾಗಿಯೇ ಇರುತ್ತದೆ. ಆದ್ದರಿಂದ ಬಾಟಲಿ ಜೇನಿನಂತೆ ಮಂದವಾಗಿದ್ದು, ಚೀಟಿಯಲ್ಲಿ ಮಂದ ಮಾಡುವ ಕ್ಸ್ಯಾಂಥನ್ ಅಂಟಿನಂಥ ಹೆಸರು ಇಲ್ಲದಿದ್ದರೆ ಅನುಮಾನಿಸಿ. ಸ್ವಲ್ಪ ದ್ರವಕ್ಕೆ ನಿಂಬೆರಸ ಹಿಂಡಿಯೂ ನೋಡಬಹುದು. ಸಾಬೂನು ಬೆರೆತಿದ್ದರೆ ಒಡೆದು ಬೆಳ್ಳಗಾಗುತ್ತದೆ, ಬರೀ ಅಂಟುವಾಳವಾದರೆ ಹಾಗೇ ಇರುತ್ತದೆ. ಮನೆಯಲ್ಲಿ ಸಾಬೂನಿನ ಚೂರನ್ನು ಅಂಟುವಾಳದ ಕಷಾಯಕ್ಕೆ ಬೆರೆಸಿದಾಗ ಜಿಡ್ಡು ತೇಲುವುದಕ್ಕೂ ಇದೇ ಕಾರಣ: ಹುಳಿ ಸಾಬೂನನ್ನು ಮತ್ತೆ ಕೊಬ್ಬಿನಾಮ್ಲವಾಗಿ ಒಡೆಯುತ್ತದೆ. ಚೀಟಿಯಲ್ಲಿ ಡೆಸಿಲ್ ಗ್ಲುಕೋಸೈಡ್, ಕೋಕೋ ಗ್ಲುಕೋಸೈಡ್ ಎಂದಿದ್ದರೆ ಹೆದರಬೇಕಿಲ್ಲ. ತೆಂಗಿನೆಣ್ಣೆಯಂಥ ಎಣ್ಣೆಯ ಕೊಬ್ಬಿನ ಆಲ್ಕೋಹಾಲಿಗೆ ಗ್ಲುಕೋಸ್ ಜೋಡಿಸಿ ಮಾಡಿದ ನೊರೆಕಾರಕ ಅದು, ಮಣ್ಣಿನಲ್ಲಿ ಸುಲಭವಾಗಿ ಕೊಳೆಯುತ್ತದೆ, ಜಿಡ್ಡಿಗೆ ಅಂಟುವಾಳಕ್ಕಿಂತ ಬಲವಾದದ್ದು. ಅದನ್ನು ಬಚ್ಚಿಡದೆ ಬರೆದವರ ಬಾಟಲಿಗೆ ನಮ್ಮ ಮೆಚ್ಚುಗೆಯಿದೆ.

ಸಪೋನಿನ್ನಿನ ದೋಷಕ್ಕೆ ಬರೋಣ. ಅದು ಮೀನಿಗೆ ವಿಷ. ಕಿವಿರಿನ ಪೊರೆಯನ್ನು ಕೆಡಿಸಿ ಉಸಿರು ಕಟ್ಟಿಸುತ್ತದೆ. ಸಿಗಡಿ ಹೊಂಡಗಳಲ್ಲಿ ಬೇಡದ ಮೀನನ್ನು ಕೊಲ್ಲಲು ಚಹಾ ಬೀಜದ ಹಿಂಡಿ ಹಾಕುವುದು ಅದರಲ್ಲಿರುವ ಸಪೋನಿನ್ನಿಗಾಗಿಯೇ. ಸಿಗಡಿ ತಾಳಿಕೊಳ್ಳುತ್ತದೆ, ಮೀನು ಸಾಯುತ್ತದೆ. ಸಪೋನಿನ್ ಕೊಳೆಯುತ್ತದೆ ನಿಜ, ಆದರೆ ಕೊಳೆಯುವ ಮೊದಲು ಹಳ್ಳ ಸೇರಿದರೆ ಪ್ರಯೋಜನವಿಲ್ಲ. ಶಿರಸಿಯ ಸೀಮೆಯಲ್ಲಿ ಹುಟ್ಟುವ ಅಘನಾಶಿನಿ ತದಡಿಯಲ್ಲಿ ಸಮುದ್ರ ಸೇರುತ್ತದೆ, ಅದರ ಅಳಿವೆ 2024ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು, ಅಲ್ಲಿನ ಚಿಪ್ಪು, ಮೀನಿನ ಮೇಲೆ ಎಷ್ಟೋ ಮನೆಗಳ ಜೀವನವಿದೆ. ಹಾಗಾಗಿ ಬಚ್ಚಲ ನೀರನ್ನು ನೇರ ಹಳ್ಳಕ್ಕೆ, ಕೆರೆಗೆ, ತೋಟದ ಕಾದಿಗೆಗೆ ಬಿಡಬೇಡಿ. ಬಾಳೆ, ತೆಂಗಿನ ಬುಡದ ಮಣ್ಣಿಗೆ ಇಂಗಿಸಿ, ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಅರಗಿಸುತ್ತವೆ. ಹೊಳೆಯ ದಂಡೆಯ ಮೇಲೆ ಬಟ್ಟೆ ಒಗೆಯುವಾಗ ‘ನೈಸರ್ಗಿಕ’ ಎಂದು ಅಂಟುವಾಳ ಬಳಸುವುದಂತೂ ಖಂಡಿತ ಬೇಡ.

ಸಿಪ್ಪೆ ಕೊಳ್ಳುವಾಗ ಕೆಂಗಂದು ಬಣ್ಣದ್ದು, ಬೆಳಕಿಗೆ ಹಿಡಿದರೆ ಅರೆಪಾರದರ್ಶಕವಾಗಿ ಕಾಣುವಂಥದ್ದು ಆರಿಸಿ. ತುಸು ಅಂಟಂಟಾಗಿದ್ದರೆ ದೋಷವಲ್ಲ. ಬೂದು ಮಚ್ಚೆ, ಮುಗ್ಗಲು ವಾಸನೆ ಇದ್ದರೆ ಬಿಡಿ. ಬೀಜ ಸಮೇತ ತೂಗಿ ಕೊಟ್ಟರೆ ತೂಕದ ದೊಡ್ಡ ಪಾಲು ಬೀಜಕ್ಕೇ ಹೋಗುತ್ತದೆ. ಬೇಸಿಗೆ ಮುಗಿಯುವುದರೊಳಗೆ ವರ್ಷಕ್ಕೆ ಬೇಕಾದಷ್ಟು ತಂದು, ಎರಡು ಬಿಸಿಲು ಕಾಣಿಸಿ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ತುಂಬಿ ಒಲೆಯ ಮೇಲಿನ ಅಟ್ಟದಲ್ಲಿಡಿ.