ಐರಿಸ್ ಗಡ್ಡೆ ತರಿಸುವ ಮೊದಲು ಇದನ್ನು ಓದಿ

ಆನ್‌ಲೈನ್‌ನಲ್ಲಿ ಬಿಯರ್ಡೆಡ್ ಐರಿಸ್ ಎಂಬ ಹೂಗಿಡದ ಗಡ್ಡೆ ಮಾರಾಟಕ್ಕಿದೆ, ನೀಲಿ, ಕೆಂಪು, ಕಪ್ಪು ಎಲ್ಲ ಬಣ್ಣವೂ ಸಿಗುತ್ತದೆ, ಯಾವ ಹವೆಯಲ್ಲೂ ಬರುತ್ತದೆ ಎಂಬ ಜಾಹೀರಾತು ನಿಮ್ಮ ಮೊಬೈಲಿಗೂ ಬಂದಿರಬಹುದು. ನಮ್ಮ ಉತ್ತರ ಕನ್ನಡ ಜಿಲ್ಲೆಯವರು ದಯವಿಟ್ಟು ತರಿಸಬೇಡಿ. ಶಿರಸಿಯಲ್ಲಿ ನಾನು, ಕಾರವಾರದಲ್ಲಿ ನನ್ನ ಅಕ್ಕ, ಇಬ್ಬರೂ ತರಿಸಿ ನೆಟ್ಟಿದ್ದೆವು. ದುಡ್ಡು ಹೋಗಿದ್ದನ್ನು ಹೇಗೋ ಮರೆಯಬಹುದು. ಆದರೆ ಅದರ ಜೊತೆಗೆ ಅಮ್ಮನ ಕಾಲದಿಂದ ಉಳಿಸಿಕೊಂಡು ಬಂದಿದ್ದ ಡೇರೆ (ಡಾಲಿಯಾ) ಹೂವಿನ ಗಡ್ಡೆಗಳೂ ಹೋದವು. ಆ ಸಂಕಟಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಹೂವಿನ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಐರಿಸ್ ನಿಜಕ್ಕೂ ಚೆಂದದ ಹೂ. ಮೂರು ಎಸಳು ಮೇಲೆ ನಿಂತಿರುತ್ತವೆ, ಮೂರು ಕೆಳಗೆ ಬಾಗಿರುತ್ತವೆ. ಬಾಗಿದ ಎಸಳಿನ ನಡುವೆ ಮೃದು ರೋಮದ ಒಂದು ಪಟ್ಟಿ, ಬಿಯರ್ಡ್ (ಗಡ್ಡ) ಎನ್ನುವುದು ಅದನ್ನೇ. ಕೆಲವದರಲ್ಲಿ ಅದು ಹಳದಿ, ಕೆಲವದರಲ್ಲಿ ಕಿತ್ತಳೆ. ಕಾಶ್ಮೀರದಲ್ಲಿ ಏಪ್ರಿಲ್ ಹೊತ್ತಿಗೆ ಹಳೆಯ ಕಬರಸ್ತಾನಗಳಲ್ಲಿ ಇದು ಯಾರ ಆರೈಕೆಯೂ ಇಲ್ಲದೆ ಅರಳುತ್ತದೆ. ಅಲ್ಲಿ ಅಷ್ಟು ಸುಲಭಕ್ಕೆ ಬರುವ ಹೂ ಇಲ್ಲಿ ಯಾಕೆ ಬರುವುದಿಲ್ಲ ಎನ್ನುವುದನ್ನು ಮಾರುವವರು ಹೇಳಬೇಕಿತ್ತು. ಹೇಳಲಿಲ್ಲ.

ನಮಗೆ ಪಾರ್ಸೆಲ್ ಬಂದಿದ್ದು ಮಳೆಗಾಲ ಮುಗಿದ ಮೇಲೆ. ಒಳಗೆ ಶುಂಠಿಯಂಥ ಗಡ್ಡೆಗಳು. ಬೇರು ಒಣಗಿತ್ತು, ಎಲೆಯನ್ನು ಬೀಸಣಿಗೆ ಆಕಾರದಲ್ಲಿ ಮೋಟಾಗಿ ಕತ್ತರಿಸಿದ್ದರು. ಐರಿಸ್ ಕಳಿಸುವ ರೀತಿಯೇ ಅದು, ತಪ್ಪಲ್ಲ. ಆದರೆ ಒಂದೆರಡು ಗಡ್ಡೆಯ ತುದಿ ಒತ್ತಿದರೆ ಬೆರಳು ಒಳಗೆ ಹೋಗುತ್ತಿತ್ತು. ಫೋಟೋ ತೆಗೆದು ಕಳಿಸಿದೆ. "ಪ್ರಯಾಣದಲ್ಲಿ ಹಾಗಾಗುತ್ತದೆ, ನೆಟ್ಟ ಮೇಲೆ ಸರಿಯಾಗುತ್ತದೆ" ಎಂದರು. ಸರಿಯಾಗುವುದಿಲ್ಲ. ಮೆತ್ತಗಾದ ಗಡ್ಡೆ ಅಂದರೆ ಕೊಳೆ ಶುರುವಾದ ಗಡ್ಡೆ.

ಡೇರೆ ಸಾಲಿನ ಪಕ್ಕವೇ ಏರು ಮಡಿ ಮಾಡಿ, ಉಸುಕು ಬೆರೆಸಿ, ಗಡ್ಡೆಯ ಬೆನ್ನು ಮಣ್ಣಿನ ಮೇಲೆ ಕಾಣುವ ಹಾಗೆ ನೆಟ್ಟೆ. ಈ ಗಿಡಕ್ಕೆ ಹಾಗೆಯೇ ನೆಡಬೇಕು, ಗಡ್ಡೆಗೆ ಬಿಸಿಲು ತಾಗಬೇಕು. ಎಲೆ ಚೆನ್ನಾಗಿಯೇ ಬಂತು. ಬೂದಿ ಹಸಿರಿನ, ಕತ್ತಿಯಂತೆ ನೆಟ್ಟಗಿನ ಎಲೆ. ಬೇಸಿಗೆ ಕಳೆದರೂ ಹೂವಿನ ಕಡ್ಡಿ ಮಾತ್ರ ಏಳಲಿಲ್ಲ. ಮಾರಿದವರನ್ನು ಕೇಳಿದರೆ ನೀರು ಜಾಸ್ತಿ ಕೊಡಿ, ಗೊಬ್ಬರ ಜಾಸ್ತಿ ಹಾಕಿ ಎಂದರು. ಈ ಗಿಡವನ್ನು ಬೇಗ ಕೊಳೆಸಲು ಅದಕ್ಕಿಂತ ಒಳ್ಳೆಯ ದಾರಿ ಇಲ್ಲ. ಸಾರಜನಕ ಜಾಸ್ತಿಯಾದರೆ ಎಲೆ ಸೊಕ್ಕುತ್ತದೆ, ಗಡ್ಡೆ ಮೆತ್ತಗಾಗುತ್ತದೆ, ಹೂ ಮತ್ತೂ ದೂರ.

ಹೂ ಬಾರದೇ ಇರಲು ಕಾರಣ ಚಳಿ ಸಾಲದಿರುವುದು. ಬಿಯರ್ಡೆಡ್ ಐರಿಸ್‌ಗೆ ಮೊಗ್ಗು ಕಟ್ಟಲು ವಾರಗಟ್ಟಲೆ ಗಟ್ಟಿ ಚಳಿ ಬೇಕು, 5 ಡಿಗ್ರಿಯ ಆಸುಪಾಸಿನದು. ಶ್ರೀನಗರದಲ್ಲಿ ಜನವರಿ ರಾತ್ರಿ ಸೊನ್ನೆಗಿಂತ ಕೆಳಗೆ ಇಳಿಯುತ್ತದೆ. ಶಿರಸಿಯಲ್ಲಿ ಬೆಳಗಿನ ಜಾವ ಹೊಡತಲ (ಚಳಿ ಕಾಯಿಸುವ ಬೆಂಕಿ) ಹಾಕಿ ಕೂರುವಷ್ಟು ಚಳಿ ಇದ್ದರೂ 10 ಡಿಗ್ರಿಗಿಂತ ಕೆಳಗೆ ಹೋಗುವುದು ಅಪರೂಪ. ಕಾರವಾರದ ಮಾತು ಬಿಡಿ, ಅಲ್ಲಿ ಜನವರಿಯಲ್ಲೂ ಫ್ಯಾನ್ ಬೇಕು. ಅಕ್ಕ ಕುಂಡದಲ್ಲಿ ಹಾಕಿ, ಮಳೆಗೆ ಮಾಡಿನ ಕೆಳಗೆ ಇಟ್ಟು, ಅಳೆದು ನೀರು ಕೊಟ್ಟು ನೋಡಿಕೊಂಡಳು. ಅವಳ ಗಿಡ ಕೊಳೆಯಲಿಲ್ಲ. ಆದರೆ ಒಂದು ಮೊಗ್ಗೂ ಬಿಡಲಿಲ್ಲ. ಗಿಡ ಬದುಕಿದರೆ ಹೂ ಬಂದೇ ಬರುತ್ತದೆ ಎಂದು ಧೈರ್ಯ ಹೇಳುವವರಿಗೆ ಇದನ್ನು ತೋರಿಸಿ.

ಇನ್ನು ಮಳೆ. ಶ್ರೀನಗರಕ್ಕೆ ಇಡೀ ವರ್ಷದಲ್ಲಿ ಬೀಳುವುದು ಸುಮಾರು 700 ಮಿಲಿಮೀಟರ್. ಹೊನ್ನಾವರ, ಭಟ್ಕಳದ ಕಡೆ 3000 ಮಿಲಿಮೀಟರ್ ದಾಟುತ್ತದೆ, ಅದರಲ್ಲೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಹೂ ಮುಗಿದ ಮೇಲಿನ ಬೇಸಿಗೆಯಲ್ಲಿ ಗಡ್ಡೆ ಒಣಗಿ ಬೆಚ್ಚಗೆ ಮಲಗಬೇಕಾದ ಗಿಡ ಇದು. ಸರಿಯಾಗಿ ಅದೇ ತಿಂಗಳುಗಳಲ್ಲಿ ನಮ್ಮಲ್ಲಿ ಬಿಸಿಲೇ ಕಾಣುವುದಿಲ್ಲ, ಮಣ್ಣು ಆರುವುದಿಲ್ಲ.

ಆಷಾಢದ ಜಡಿಮಳೆಯಲ್ಲಿ ಒಂದು ದಿನ ಹಳದಿಯಾದ ಎಲೆ ಎಳೆದೆ. ಇಡೀ ಬೀಸಣಿಗೆಯೇ ಕೈಗೆ ಬಂತು. ಬುಡದಲ್ಲಿ ಕಂದು ಲೋಳೆ. ಗಡ್ಡೆಯ ಸಿಪ್ಪೆ ಮಾತ್ರ ಗಟ್ಟಿಯಾಗಿತ್ತು, ಒಳಗೆಲ್ಲ ಗಂಜಿಯಾಗಿತ್ತು. ಆ ವಾಸನೆ ಜಗುಲಿಯವರೆಗೆ ಬರುತ್ತಿತ್ತು. ಇದು ಬ್ಯಾಕ್ಟೀರಿಯಾದ ಮೆತು ಕೊಳೆ. ಹುಳ ಕಚ್ಚಿದ, ಗುದ್ದಲಿ ತಾಗಿದ ಗಾಯದಿಂದ ಒಳಗೆ ಹೋಗುತ್ತದೆ, ನೀರು ನಿಂತಲ್ಲಿ ಬೇಗ ಹಬ್ಬುತ್ತದೆ. ಇದು ಐರಿಸ್ಸಿಗೆ ಮಾತ್ರ ಬರುವ ರೋಗವೂ ಅಲ್ಲ. ಬಟಾಟೆ, ಗಜ್ಜರಿ, ಡೇರೆ ಗಡ್ಡೆ, ಎಲ್ಲಕ್ಕೂ ತಗಲುತ್ತದೆ. ಪಕ್ಕದ ಸಾಲಿನ ಡೇರೆಗಳು ಒಂದೊಂದಾಗಿ ಬಾಡಿದವು. ಅಗೆದು ನೋಡಿದರೆ ಅದೇ ಲೋಳೆ, ಅದೇ ವಾಸನೆ. ದೊಡ್ಡ ನೇರಳೆ ಹೂವಿನ ಒಂದು ಡೇರೆ ಇತ್ತು, ಊರಲ್ಲಿ ಬೇರೆ ಯಾರ ಹತ್ತಿರವೂ ಇರಲಿಲ್ಲ. ಅದೂ ಉಳಿಯಲಿಲ್ಲ.

ನಮ್ಮ ಕಡೆ ಹೊಸ ಗಿಡ ಬಂದರೆ ಅದು ಒಬ್ಬರ ಮನೆಯಲ್ಲೇ ಉಳಿಯುವುದಿಲ್ಲ, ಅಲ್ವಾ? ತವರಿಗೊಂದು, ನಾದಿನಿಗೊಂದು, ಮದುವೆಮನೆಯಲ್ಲಿ ಸಿಕ್ಕವರಿಗೊಂದು ಹಿಳ್ಳು ಹೋಗುತ್ತದೆ. ಈ ಅಭ್ಯಾಸದಿಂದಲೇ ಇಷ್ಟು ಬಣ್ಣದ ಡೇರೆ ಇಲ್ಲಿ ಉಳಿದಿವೆ. ರೋಗವೂ ಅದೇ ದಾರಿ ಹಿಡಿದು ಹೋಗಬಹುದು ಎಂಬುದೇ ನನ್ನ ಹೆದರಿಕೆ. ಐರಿಸ್ ಮಡಿಯ ಪಕ್ಕದಿಂದ ತೆಗೆದ ಯಾವ ಗಡ್ಡೆಯನ್ನೂ ಯಾರಿಗೂ ಕೊಡಬೇಡಿ. ಕೊಟ್ಟಿಗೆ ಇರುವವರು ಇನ್ನೊಂದನ್ನು ನೆನಪಿಡಿ: ಐರಿಸ್ ದನಕರುಗಳಿಗೆ ವಿಷ, ಅದರಲ್ಲೂ ಗಡ್ಡೆ. ತಿಂದರೆ ಜೊಲ್ಲು ಸುರಿಯುತ್ತದೆ, ಭೇದಿಯಾಗುತ್ತದೆ. ಕಿತ್ತದ್ದನ್ನು ಕರು ಮೇಯುವ ಜಾಗದಲ್ಲಿ ಎಸೆಯಬೇಡಿ.

ಕೊನೆಗೆ ದುಡ್ಡು ಕೇಳಿದಾಗ ಜೀವಂತ ಗಿಡಕ್ಕೆ ವಾಪಸಾತಿ ಇಲ್ಲ ಎಂದರು. ಮತ್ತೆ ಕೇಳಿದ್ದಕ್ಕೆ ನಂಬರ್ ಬ್ಲಾಕ್ ಮಾಡಿದರು. ಇಂಥ ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು. ಜಾಹೀರಾತಿನ ಸ್ಕ್ರೀನ್‌ಶಾಟ್, ಪಾರ್ಸೆಲ್ ಬಿಚ್ಚುವ ವಿಡಿಯೋ, ದುಡ್ಡು ಕಟ್ಟಿದ ರಸೀದಿ ಇಟ್ಟುಕೊಂಡಿರಿ.

ಜಾಹೀರಾತು ನೋಡುವಾಗಲೇ ಸುಳ್ಳು ಹಿಡಿಯಬಹುದು. ದಾಸವಾಳದಂಥ ಅಪ್ಪಟ ಕೆಂಪು ಬಿಯರ್ಡೆಡ್ ಐರಿಸ್ ಜಗತ್ತಿನಲ್ಲೇ ಇಲ್ಲ. ತಳಿಗಾರರು ಬಹಳ ಕಾಲದಿಂದ ಪ್ರಯತ್ನಿಸಿಯೂ ಸಿಕ್ಕಿದ್ದು ಇಟ್ಟಿಗೆ ಬಣ್ಣ, ವೈನ್ ಬಣ್ಣ ಅಷ್ಟೇ. ಕೆಂಪು ತೋರಿಸಿದರೆ ಫೋಟೋಗೆ ಬಣ್ಣ ಬಳಿದಿದ್ದಾರೆ ಎಂದೇ ತಿಳಿಯಿರಿ. ಬೀಜದಿಂದ ಇಂಥದ್ದೇ ಬಣ್ಣ ಬರುತ್ತದೆ ಎನ್ನುವುದೂ ಸುಳ್ಳು, ಮಿಶ್ರತಳಿಯ ಬೀಜ ತಾಯಿಯ ಹಾಗೇ ಬರುವುದಿಲ್ಲ. ವರ್ಷವಿಡೀ ಹೂ ಎಂಬ ಮಾತನ್ನೂ ನಂಬಬೇಡಿ. ಐರಿಸ್‌ಗೆ ಒಗ್ಗುವ ಊರಲ್ಲೇ ಅದರ ಹೂಗಾಲ ಕೆಲವು ವಾರ. ಮತ್ತೊಮ್ಮೆ ಅರಳುವ ತಳಿಗಳಿವೆ, ಅವೂ ವರ್ಷವಿಡೀ ಬಿಡುವುದಿಲ್ಲ. ಸೆಂಟಿನ ಕಂಪನಿಗೆ ಗಡ್ಡೆ ಮಾರಿ ದುಡ್ಡು ಮಾಡಿ ಎಂದೂ ನಮಗೆ ಹೇಳಿದ್ದರು. ಇಟಲಿಯ ಫ್ಲಾರೆನ್ಸ್ ಕಡೆ ಐರಿಸ್ ಗಡ್ಡೆಯಿಂದ ಸುಗಂಧ ತೆಗೆಯುವುದು ನಿಜ. ಆದರೆ ಗಡ್ಡೆಯನ್ನು ವರ್ಷಗಟ್ಟಲೆ ಒಣಗಿಸಿಟ್ಟ ಮೇಲಷ್ಟೇ ಆ ಪರಿಮಳ ಹುಟ್ಟುತ್ತದೆ. ನಮ್ಮ ಮಳೆಗಾಲದಲ್ಲಿ ಹಪ್ಪಳ ಒಣಗಿಸುವುದೇ ಎಷ್ಟು ಕಷ್ಟ ಎಂದು ನಿಮಗೂ ಗೊತ್ತು.

ಐರಿಸ್ ಚೆಲುವೇ ಬೇಕು ಎನ್ನುವವರು ವಾಕಿಂಗ್ ಐರಿಸ್ ಹಾಕಿ. ಬ್ರೆಜಿಲ್ ಕಡೆಯ ಗಿಡ, ಐರಿಸ್ ಬಳಗದ್ದೇ. ಬಿಳಿ ಎಸಳು, ನಡುವೆ ನೀಲಿ. ಹೂ ಒಂದೇ ದಿನ ಇರುತ್ತದೆ, ಆದರೆ ಒಂದಾದ ಮೇಲೆ ಒಂದು ಬರುತ್ತಿರುತ್ತದೆ. ಹೂ ಮುಗಿದ ಕಡ್ಡಿಯ ತುದಿಯಲ್ಲೇ ಮರಿ ಹುಟ್ಟುತ್ತದೆ, ಭಾರಕ್ಕೆ ಬಾಗಿ ಮಣ್ಣು ಮುಟ್ಟಿ ಬೇರು ಬಿಡುತ್ತದೆ. ಅಡಿಕೆ ಮರದ ನೆರಳಿನಲ್ಲೂ ಬರುತ್ತದೆ, ಮಳೆಗೆ ಹೆದರುವುದಿಲ್ಲ. ಕಿತ್ತಳೆ ಎಸಳಿಗೆ ಕೆಂಪು ಚುಕ್ಕಿ ಇರುವ ಬ್ಲ್ಯಾಕ್‌ಬೆರ್ರಿ ಲಿಲಿ ಕೂಡ ಐರಿಸ್ಸೇ. ಬಿಸಿಲು ಬೀಳುವ, ನೀರು ನಿಲ್ಲದ ಜಾಗ ಕೊಟ್ಟರೆ ನಮ್ಮ ಸೆಕೆಗೆ ಹೊಂದಿಕೊಳ್ಳುತ್ತದೆ.

ಬಿಯರ್ಡೆಡ್ ಐರಿಸ್ ಈಗಾಗಲೇ ನೆಟ್ಟವರು ಮಳೆ ಹಿಡಿಯುವ ಮೊದಲೇ ಅಗೆದು ತೆಗೆಯಿರಿ. ಗಟ್ಟಿ ಇರುವ ಗಡ್ಡೆಯನ್ನು ಬಿಸಿಲಿಗೆ ಆರಿಸಿ, ಬೇರೆಯೇ ಕುಂಡದಲ್ಲಿ, ಮಾಡಿನ ಕೆಳಗೆ ಇಡಿ. ಮೆತ್ತಗಾದದ್ದನ್ನು ಗೊಬ್ಬರ ಗುಂಡಿಗೆ ಹಾಕಬೇಡಿ, ಸುಟ್ಟುಬಿಡಿ. ಕತ್ತಿ, ಗುದ್ದಲಿಯನ್ನು ಸ್ಪಿರಿಟ್‌ನಲ್ಲಿ ಒರೆಸಿದ ಮೇಲೆಯೇ ಡೇರೆ ಮಡಿಗೆ ಇಳಿಸಿ. ಕೊಳೆ ಬಂದ ಜಾಗದಲ್ಲಿ ಈ ವರ್ಷ ಡೇರೆ, ಬಟಾಟೆ, ಗೆಣಸು ಯಾವುದನ್ನೂ ನೆಡದೆ ಮಣ್ಣನ್ನು ಬಿಸಿಲಿಗೆ ಬಿಡಿ.